ಬೆನ್ನಿನ ಕೈಗೆಟುಕದ ಜಾಗದ ತುರಿಕೆ: ಚರ್ಮದಲ್ಲಿಲ್ಲದ ಕಾಯಿಲೆಗೆ ಮೂರು ವರ್ಷದ ಮುಲಾಮು

ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಮಾಡುವ 46 ವರ್ಷದ ಹೆಣ್ಣುಮಗಳು. ಎಡಗಡೆ ರೆಕ್ಕೆಮೂಳೆಯ ಒಳಅಂಚಿಗೂ ಬೆನ್ನುಮೂಳೆಗೂ ನಡುವೆ ಅಂಗೈಯಗಲ ಜಾಗದಲ್ಲಿ ಮೂರು ವರ್ಷದಿಂದ ತುರಿಕೆ. ಅದೇ ಜಾಗದಲ್ಲಿ ಕಪ್ಪು ಮಚ್ಚೆ. ಬೇರೆಲ್ಲೂ ಏನೂ ಇಲ್ಲ, ಮನೆಯಲ್ಲಿ ಮತ್ತಾರಿಗೂ ತುರಿಕೆ ಇಲ್ಲ. ಒಂದೇ ಬಗೆಯ ತೊಂದರೆ ಹೊತ್ತು ಬರುವ ಹಲವರ ವಿವರಗಳನ್ನು ಒಬ್ಬರ ಮೇಲಿಟ್ಟು ಕಟ್ಟಿದ ಪ್ರಕರಣ ಇದು. ಯಾರ ಗುರುತೂ ಇದರಲ್ಲಿಲ್ಲ.

ಆಕೆ ಹೇಳಿದ ಮೊದಲ ಮಾತಿನಲ್ಲೇ ರೋಗದ ಸುಳಿವು ಇತ್ತು: "ಕೆರೆದಷ್ಟೂ ಕೆರೀಬೇಕು ಅನ್ಸುತ್ತೆ ಡಾಕ್ಟ್ರೇ. ಆದ್ರೆ ಮೇಲೆ ಅಲ್ಲ, ಒಳಗೆಲ್ಲೋ ಇದೆ. ಎಷ್ಟು ಕೆರೆದ್ರೂ ಆ ಜಾಗ ಸಿಗೋದೇ ಇಲ್ಲ." ಚರ್ಮದ ಕಾಯಿಲೆಯ ತುರಿಕೆಯನ್ನು ಜನ ಹೀಗೆ ವರ್ಣಿಸುವುದು ಕಡಿಮೆ. ಹುಳುಕಡ್ಡಿ ಇದ್ದವರು ಬೆರಳಿಟ್ಟು ಅಂಚು ತೋರಿಸುತ್ತಾರೆ. ನರದ ತುರಿಕೆ ಇದ್ದವರು ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, ಎಟುಕದೆ, "ಅಲ್ಲಿ" ಎನ್ನುತ್ತಾರೆ.

ಮೂರು ವರ್ಷದಲ್ಲಿ ಆದದ್ದು ಇಷ್ಟು. ಹುಳುಕಡ್ಡಿ ಎಂದು ಶಿಲೀಂಧ್ರನಾಶಕ ಮಾತ್ರೆ ಇಟ್ರಾಕೊನಜೋಲ್ ಎರಡು ಸುತ್ತು. ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ, ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಕಲಸಿದ ಕ್ರೀಮು, ಬಿಟ್ಟು ಬಿಟ್ಟು ಸುಮಾರು ಒಂದೂವರೆ ವರ್ಷ. ಅಲರ್ಜಿಯ ಮಾತ್ರೆ ಸೆಟಿರಿಜಿನ್ ರಾತ್ರಿಗೊಂದು. ರಕ್ತ ಕೆಟ್ಟಿದೆ ಎಂದು ಕಹಿಬೇವಿನ ಕಷಾಯ. ಬದನೆಕಾಯಿ, ಮೀನು, ಮೊಟ್ಟೆ ನಂಜು ಎಂದು ಬಿಟ್ಟದ್ದು. ಇಷ್ಟಾದರೂ ತುರಿಕೆ ಇದ್ದಲ್ಲೇ ಇತ್ತು, ಮಚ್ಚೆ ಮಾತ್ರ ದೊಡ್ಡದಾಯಿತು. 0ಯಿಂದ 10ರ ಅಳತೆಯಲ್ಲಿ ಹಿಂದಿನ 24 ಗಂಟೆಯ ಅತಿ ಕೆಟ್ಟ ತುರಿಕೆಗೆ ಎಷ್ಟು ಅಂಕ ಎಂದು ಕೇಳಿದಾಗ 8 ಎಂದರು. ಸಂಜೆ ಪಾಳಿ ಮುಗಿಯುವ ಹೊತ್ತಿಗೂ ಮಲಗಿದ ಮೇಲೂ ಹೆಚ್ಚು.

ಕೆರೆಯಲು ಏನು ಬಳಸುತ್ತೀರಿ ಎಂಬ ಪ್ರಶ್ನೆಯನ್ನು ಬಹಳ ಮಂದಿ ವೈದ್ಯರು ಕೇಳುವುದೇ ಇಲ್ಲ. ಕೇಳಲೇಬೇಕು. ಬೆನ್ನಿಗೆ ಉಗುರು ಎಟುಕುವುದಿಲ್ಲ, ಹಾಗಾಗಿ ಸಾಧನ ಇದ್ದೇ ಇರುತ್ತದೆ. ಇವರ ಬಳಿ ಮೂರಿದ್ದವು: ನಾಲ್ಕು ಹಲ್ಲು ಮುರಿದ ಹಳೇ ಬಾಚಣಿಗೆ, ಸ್ನಾನಕ್ಕೆ ನೈಲಾನ್ ಜಾಲರಿ, ಮತ್ತು ಅಡುಗೆಮನೆ ಬಾಗಿಲ ಚೌಕಟ್ಟಿನ ಮೂಲೆ. ಆ ಮೂಲೆಯಲ್ಲಿ ಒಂದು ಎತ್ತರಕ್ಕೆ ಬಣ್ಣ ಎದ್ದುಹೋಗಿ ಮರ ನುಣುಪಾಗಿದೆ ಎಂದು ಜೊತೆಗೆ ಬಂದಿದ್ದ ಮಗಳು ಹೇಳಿದಳು. ಅಮ್ಮ ತಲೆ ತಗ್ಗಿಸಿದರು. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ಆ ನಾಚಿಕೆಯಿಂದಲೇ ಮೂರು ವರ್ಷ ಈ ವಿವರ ಯಾವ ವೈದ್ಯರ ಮುಂದೆಯೂ ಬಂದಿರಲಿಲ್ಲ.

ಪರೀಕ್ಷೆಯಲ್ಲಿ ಕಂಡದ್ದು

ಮಚ್ಚೆ 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, ಬೂದುಮಿಶ್ರಿತ ಕಂದು. ಅಂಚು ಸ್ಪಷ್ಟವಿಲ್ಲ, ಹೊಟ್ಟಿಲ್ಲ, ಗುಳ್ಳೆಯಿಲ್ಲ. ಬೆಳಕನ್ನು ಓರೆಯಾಗಿ ಬಿಟ್ಟರೆ ಮಳೆನೀರು ಹರಿದುಹೋದ ಮರಳಿನ ಮೇಲೆ ಉಳಿಯುವಂಥ ಅಲೆಅಲೆ ಗೆರೆಗಳು. ಇದು ಮ್ಯಾಕ್ಯುಲರ್ ಅಮೈಲಾಯ್ಡೋಸಿಸ್‌ನ ಗುರುತು: ವರ್ಷಗಟ್ಟಲೆ ಉಜ್ಜಿದಾಗ ಮೇಲ್ಪದರದ ಜೀವಕೋಶಗಳು ಸತ್ತು, ಅವುಗಳ ಕೆರಾಟಿನ್ ಎಂಬ ಪ್ರೋಟೀನು ಮಾರ್ಪಟ್ಟು ಚರ್ಮದ ಮೇಲ್ಭಾಗದಲ್ಲೇ ಸಂಗ್ರಹವಾಗುತ್ತದೆ. ಈ ಹೆಸರನ್ನು ಮೊಬೈಲಿನಲ್ಲಿ ಹುಡುಕಿದವರು ಹೃದಯ, ಮೂತ್ರಪಿಂಡದ ಅಮೈಲಾಯ್ಡೋಸಿಸ್ ವಿಷಯ ಓದಿ ನಡುಗಿಹೋಗುತ್ತಾರೆ. ಎರಡಕ್ಕೂ ಸಂಬಂಧವಿಲ್ಲ, ಇದು ಚರ್ಮ ದಾಟಿ ಹೋಗುವುದಿಲ್ಲ. ಹೆಸರು ಹೇಳಿದ ಅದೇ ಉಸಿರಿನಲ್ಲಿ ಇದನ್ನೂ ಹೇಳಿಬಿಡಬೇಕು.

ಅಂಚಿನಿಂದ ಚರ್ಮ ಕೆರೆದು ತೆಗೆದು, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶಿಲೀಂಧ್ರದ ಎಳೆಗಳಿಲ್ಲ. ಸ್ಟೀರಾಯ್ಡ್ ಕ್ರೀಮು ಹಚ್ಚಿದವರಲ್ಲಿ ಹುಳುಕಡ್ಡಿಯ ರೂಪವೇ ಬದಲಾಗಿಬಿಡುವುದರಿಂದ ಕಣ್ಣಂದಾಜು ಸಾಲದು. ಐದು ನಿಮಿಷದ ಈ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗಿದ್ದರೆ ಎರಡು ಸುತ್ತಿನ ಮಾತ್ರೆ ಉಳಿಯುತ್ತಿತ್ತು.

ಮುಂದೆ ಸ್ಪರ್ಶ. ಹತ್ತಿಯ ಎಳೆಯನ್ನು ಮಚ್ಚೆಯ ಸುತ್ತಲ ಮಾಮೂಲಿ ಚರ್ಮದ ಮೇಲೆ ಆಡಿಸಿದರೂ ತುರಿಕೆ ಎದ್ದಿತು. ನೋವಾಗಲಿ ಕಚಗುಳಿಯಾಗಲಿ ಆಗಬೇಕಾದ ಕಡೆ ತುರಿಕೆಯೇ ಆಗುವುದು ನರ ಚುರುಕುಗೊಂಡಿರುವ ಲಕ್ಷಣ. ಸೂಜಿಮೊನೆ ತಾಗಿಸಿದಾಗ ಬಲಗಡೆಗಿಂತ ಎಡಗಡೆ ಸ್ವಲ್ಪ ಮಂದ.

ಸ್ಪರ್ಶ ಮಂದ ಎಂದ ಕೂಡಲೇ ನಮ್ಮ ನಾಡಿನಲ್ಲಿ ಕುಷ್ಠವನ್ನು ನೆನೆಯದೆ ಮುಂದೆ ಹೋಗಬಾರದು. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಸುತ್ತಲಿನ ಚರ್ಮಕ್ಕಿಂತ ತಿಳಿಯಾಗಿಯೋ ಕೆಂಪಗೋ ಇರುತ್ತದೆ, ತುರಿಸುವುದು ಅಪರೂಪ, ಅಲ್ಲಿ ಬೆವರು ನಿಂತಿರುತ್ತದೆ, ಸ್ಪರ್ಶ ಹೋದದ್ದು ನಿಚ್ಚಳವಾಗಿ ತಿಳಿಯುತ್ತದೆ. ಮೊಣಕೈ ಹಿಂದಿನ ಅಲ್ನಾರ್ ನರ, ಕಿವಿಯ ಕೆಳಗೆ ಕತ್ತಿನ ನರ, ಮಂಡಿಯ ಹೊರಬದಿಯ ನರ ಮೂರನ್ನೂ ಬೆರಳಿನಿಂದ ತಡವಿ ನೋಡಲಾಯಿತು. ಯಾವುದೂ ದಪ್ಪಗಿರಲಿಲ್ಲ, ಒತ್ತಿದರೆ ನೋವಿರಲಿಲ್ಲ.

ಹೀಗೆ ರೋಗ ಗೊತ್ತಾಯಿತು: ನೊಟಾಲ್ಜಿಯಾ ಪ್ಯಾರೆಸ್ಥೆಟಿಕಾ. 1934ರಲ್ಲಿ ಅಸ್ತ್ವಾಜಾತುರೋವ್ ಎಂಬ ನರವೈದ್ಯರು ಮೊದಲು ವಿವರಿಸಿದ ತೊಂದರೆ. ಎದೆಮಟ್ಟದ ಬೆನ್ನುಮೂಳೆಗಳ ನಡುವಿನಿಂದ, ಮುಖ್ಯವಾಗಿ ಎರಡನೆಯದರಿಂದ ಆರನೆಯದರವರೆಗೆ (ಟಿ2ರಿಂದ ಟಿ6), ಹೊರಬೀಳುವ ನರಗಳ ಹಿಂದಿನ ಕವಲುಗಳು ಬೆನ್ನಿನ ಆಳದ ಸ್ನಾಯುಗಳನ್ನು ಹೆಚ್ಚುಕಡಿಮೆ ನೇರ ಕೋನದಲ್ಲಿ ಸೀಳಿಕೊಂಡು ಚರ್ಮಕ್ಕೆ ಬರುತ್ತವೆ. ಆ ತಿರುವಿನಲ್ಲಿ ನರ ಜಗ್ಗಿಕೊಳ್ಳುವುದಕ್ಕೂ ಒತ್ತಿಕೊಳ್ಳುವುದಕ್ಕೂ ಅವಕಾಶ ಹೆಚ್ಚು. ದಿನಕ್ಕೆ ಎಂಟು ಗಂಟೆ ಹೆಗಲು ಮುಂದಕ್ಕೆ ಬಾಗಿಸಿ, ಕತ್ತು ಇಳಿಸಿ, ಮಿಷನ್ನಿನ ಸೂಜಿಯ ಮೇಲೆ ಕಣ್ಣು ನೆಟ್ಟು ಕೂರುವವರ ಬೆನ್ನನ್ನು ನೆನೆದರೆ ಸಂಜೆಯ ಹೊತ್ತಿಗೇ ತುರಿಕೆ ಏಕೆ ಏರುತ್ತದೆ ಎಂಬುದಕ್ಕೆ ಒಂದು ದಾರಿ ಕಾಣುತ್ತದೆ. ಕೂರುವ ಭಂಗಿಯೊಂದೇ ಕಾರಣ ಎನ್ನುವಷ್ಟು ಪುರಾವೆ ಮಾತ್ರ ಇಲ್ಲ.

ಹಾಗಾದರೆ ಮಚ್ಚೆ? ಅದು ಕೆರೆತದ ಫಲ. ತುರಿಕೆ ಮೊದಲು, ಕಪ್ಪು ಆಮೇಲೆ. ಆಕೆಯನ್ನೇ ಕೇಳಿದಾಗ, ಮೊದಲ ಐದಾರು ತಿಂಗಳು ಬೆನ್ನು ಬೆಳ್ಳಗೇ ಇತ್ತು, ಆಮೇಲೆ ಮಗಳು ಕಪ್ಪಾಗಿದೆ ಎಂದಳು ಎಂದರು. ಕಣ್ಣಿಗೆ ಕಾಣುವ ಮಚ್ಚೆಗೆ ಮೂರು ವರ್ಷ ಮದ್ದು ನಡೆದು, ಕಾಣದ ನರ ಹಾಗೇ ಉಳಿದುಹೋಯಿತು.

ಸೆಟಿರಿಜಿನ್ ಏಕೆ ಕೆಲಸ ಮಾಡಲಿಲ್ಲ

ತುರಿಕೆಯ ಸುದ್ದಿ ಒಯ್ಯುವುದು ಬಹುತೇಕ ಸಿ-ತಂತುಗಳು. ಮೇಲುಹೊದಿಕೆಯಿಲ್ಲದ ತೆಳು ನರ ಎಳೆಗಳು, ಸೆಕೆಂಡಿಗೆ ಸುಮಾರು 1 ಮೀಟರಿನಂತೆ ನಿಧಾನವಾಗಿ ಸಾಗುವಂಥವು. ಅವುಗಳ ತುದಿ ಚರ್ಮದ ಅತಿ ಮೇಲಿನ ಪದರದವರೆಗೂ ಬಂದು ನಿಲ್ಲುತ್ತದೆ. ಇವುಗಳಲ್ಲಿ ಒಂದು ಗುಂಪು, ಅಲರ್ಜಿಯಲ್ಲಿ ಚರ್ಮದೊಳಗೆ ಬಿಡುಗಡೆಯಾಗುವ ಹಿಸ್ಟಮಿನ್‌ಗೆ ಸ್ಪಂದಿಸುತ್ತದೆ. ಸೊಳ್ಳೆ ಕಡಿತ, ಪಿತ್ತದ ಗಂಧೆ ಇಲ್ಲಿನವು, ಸೆಟಿರಿಜಿನ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಗುಂಪನ್ನು ತಿಳಿಯಲು ಹಳ್ಳಿಯವರಿಗೆ ಪಾಠ ಬೇಡ. ನಸುಗುನ್ನಿ ಕಾಯಿಯ ರೋಮ ಮೈಗೆ ತಾಗಿದವರಿಗೆ ಗೊತ್ತು. ಆ ರೋಮದಲ್ಲಿರುವ ಮ್ಯುಕುನೈನ್ ಎಂಬ ಕಿಣ್ವ ಹಿಸ್ಟಮಿನ್ನಿನ ಹಂಗಿಲ್ಲದೆ, ನರತುದಿಯ ಬೇರೆ ಗ್ರಾಹಿಗಳ ಮೂಲಕ, ಬೇರೆ ಸಿ-ತಂತುಗಳನ್ನು ಎಬ್ಬಿಸುತ್ತದೆ. ಬೊಬ್ಬೆ ಏಳುವುದಿಲ್ಲ, ಕೆಂಪು ಹರಡುವುದಿಲ್ಲ, ತುರಿಕೆ ಮಾತ್ರ ಪ್ರಾಣ ಹಿಂಡುತ್ತದೆ, ಹಿಸ್ಟಮಿನ್ ತಡೆಯುವ ಮಾತ್ರೆಗೆ ಬಗ್ಗುವುದಿಲ್ಲ. ಪ್ರಯೋಗಾಲಯಗಳು ಈ ಎರಡನೇ ದಾರಿಯನ್ನು ಗುರುತಿಸಿದ್ದೇ ನಸುಗುನ್ನಿಯ ರೋಮವನ್ನು ಚರ್ಮಕ್ಕೆ ಚುಚ್ಚಿ ನೋಡಿ. ಆರು ವಾರ ಮೀರಿದ, ಅಂದರೆ ದೀರ್ಘಕಾಲದ, ತುರಿಕೆಗಳಲ್ಲಿ ಬಹುಪಾಲು ಈ ಎರಡನೇ ದಾರಿಯವು.

ನೊಟಾಲ್ಜಿಯಾದಲ್ಲಿ ಇದಕ್ಕೂ ಒಂದು ಹೆಜ್ಜೆ ಮುಂದೆ: ಚರ್ಮದಲ್ಲಿ ಏನೂ ಆಗದೆಯೂ ದಾರಿ ಮಧ್ಯದ ತಂತಿಯೇ ಸುಳ್ಳು ಸುದ್ದಿ ಕಳಿಸುತ್ತಿರುತ್ತದೆ. ಅದಕ್ಕೇ ಸ್ಟೀರಾಯ್ಡಿಗೂ ಇಲ್ಲಿ ಮಾಡಲು ಕೆಲಸವಿಲ್ಲ, ಇಳಿಸಲು ಉರಿಯೂತವೇ ಇಲ್ಲ. ಒಂದೂವರೆ ವರ್ಷ ಹಚ್ಚಿದ್ದಕ್ಕೆ ಆಕೆಗೆ ಸಿಕ್ಕದ್ದು ತೆಳುವಾದ ಚರ್ಮ. ಮೇಲಾಗಿ ಉಜ್ಜಿದ ಚರ್ಮವೂ ಸುಮ್ಮನಿರುವುದಿಲ್ಲ. ಗಾಯಗೊಂಡ ಮೇಲ್ಪದರ ನರ ಬೆಳೆಸುವ, ನರ ಕೆರಳಿಸುವ ಪದಾರ್ಥಗಳನ್ನು ಸುರಿಸುತ್ತದೆ. ಕೆರೆದ ಕ್ಷಣದಲ್ಲಿ ಹಾಯೆನಿಸುವುದು ನಿಜ, ನೋವಿನ ಸುದ್ದಿ ಬೆನ್ನುಹುರಿಯಲ್ಲಿ ತುರಿಕೆಯ ಸುದ್ದಿಯನ್ನು ಅದುಮುತ್ತದೆ. ಕೈ ತೆಗೆದ ಮೇಲೆ ಮೊದಲಿಗಿಂತ ಜೋರಾಗಿ ಮರಳುತ್ತದೆ.

ಯಾವ ಪರೀಕ್ಷೆ ಬೇಕು, ಯಾವುದು ಬೇಡ

ಮೈತುಂಬಾ ತುರಿಕೆ ಇದ್ದವರಿಗೆ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್, ಕಬ್ಬಿಣಾಂಶ, ಎದೆಯ ಎಕ್ಸ್‌ರೇ ಎಲ್ಲ ಬೇಕಾಗುತ್ತದೆ. ಒಂದೇ ಕಡೆಯ, ನರದ ಹರಹಿಗೆ ಹೊಂದುವ ತುರಿಕೆಗೆ ಆ ಪಟ್ಟಿ ಬೇಡ. ಇಲ್ಲಿ ಮಾಡಿಸಿದ್ದು ಎರಡೇ: ಸಕ್ಕರೆಯ ಮೂರು ತಿಂಗಳ ಸರಾಸರಿ, ಏಕೆಂದರೆ ಮಧುಮೇಹವೂ ನರ ಕೆಡಿಸುತ್ತದೆ, ಮತ್ತು ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಏಕೆಂದರೆ ನರದ ಚುರುಕು ತಗ್ಗಿಸಲು ಮುಂದೆ ಕೊಡಲಿದ್ದ ಗಾಬಾಪೆಂಟಿನ್ ಪೂರ್ತಿ ಮೂತ್ರಪಿಂಡದ ಮೂಲಕವೇ ಹೊರಹೋಗುತ್ತದೆ. ಎರಡೂ ಸರಿಯಾಗಿದ್ದವು. ಚರ್ಮದ ತುಣುಕು ತೆಗೆಯಲಿಲ್ಲ, ಅಲೆಗೆರೆ ಸ್ಪಷ್ಟವಿರುವಾಗ ಅದರ ಅಗತ್ಯವಿಲ್ಲ.

ಎಂಆರ್‌ಐ ಬೇಡವೇ ಎಂದು ಮನೆಯವರು ಕೇಳಿದರು. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸುವುದು ಸುಲಭ, ಅದರ ವರದಿ ತಂದಿಡುವ ಗೊಂದಲದಿಂದ ಹೊರಬರುವುದು ಕಷ್ಟ. 46ರ ವಯಸ್ಸಿನ ಬೆನ್ನುಮೂಳೆಯಲ್ಲಿ ಡಿಸ್ಕ್ ಸವೆತ ತುರಿಕೆ ಇಲ್ಲದವರಲ್ಲೂ ಕಾಣುತ್ತದೆ. ಕಾಲಿನ ಬಲ ಕುಗ್ಗುವುದು, ಮೂತ್ರ ಹಿಡಿತ ತಪ್ಪುವುದು, ಎದೆಯ ಸುತ್ತ ಪಟ್ಟಿ ಕಟ್ಟಿದಂಥ ನೋವು, ರಾತ್ರಿ ಎಬ್ಬಿಸುವ ಬೆನ್ನುನೋವು, ತೂಕ ಇಳಿಯುವುದು, ಬಿಡದ ಜ್ವರ: ಇವುಗಳಲ್ಲಿ ಒಂದಿದ್ದರೂ ಸ್ಕ್ಯಾನ್ ತಡಮಾಡಬಾರದು, ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಅಪರೂಪವೇನಲ್ಲ. ಇವರಿಗೆ ಯಾವುದೂ ಇರಲಿಲ್ಲ. ಇದೇ ಜಾಗದ ತುರಿಕೆ ಚಿಕ್ಕ ವಯಸ್ಸಿನಲ್ಲೇ ಶುರುವಾಗಿದ್ದರೆ, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ, ಎಮ್‌ಇಎನ್ 2ಎ ಎಂಬ ಆನುವಂಶಿಕ ರೋಗದ ತಪಾಸಣೆ ಮಾಡಲೇಬೇಕು. ಅದೂ ಕೇಳಿ ಇಲ್ಲವೆಂದು ಖಾತ್ರಿಯಾಯಿತು.

ಮೊದಲ ಯೋಜನೆ, ಮತ್ತು ಅದು ಕೆಟ್ಟ ಬಗೆ

ಹಳೆಯ ಕ್ರೀಮು, ಸೆಟಿರಿಜಿನ್, ಜಾಲರಿ, ಬಾಚಣಿಗೆ ಎಲ್ಲ ಬಂದ್. ತುರಿಕೆ ಎದ್ದಾಗ ಬಟ್ಟೆಯಲ್ಲಿ ಸುತ್ತಿದ ತಣ್ಣನೆ ಪ್ಯಾಕ್ 10 ನಿಮಿಷ. ಬದನೆಕಾಯಿ, ಮೊಟ್ಟೆ ಮತ್ತೆ ಶುರು. ಮುಖ್ಯ ಔಷಧಿ 0.025% ಕ್ಯಾಪ್ಸೈಸಿನ್ ಕ್ರೀಮು, ದಿನಕ್ಕೆ ನಾಲ್ಕು ಸಲ.

ಕ್ಯಾಪ್ಸೈಸಿನ್ ಎಂದರೆ ಮೆಣಸಿನಕಾಯಿಯ ಖಾರ. ನರತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಿಯನ್ನು ಅದು ತೆರೆಯುತ್ತದೆ. ಬಿಸಿಯನ್ನು ಅರಿಯುವುದೂ ಅದೇ ಗ್ರಾಹಿ, ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಮೇಲಿಂದ ಮೇಲೆ ತೆರೆಸಿದರೆ ನರತುದಿ ದಣಿದು ಮಂಕಾಗುತ್ತದೆ. ಮೇಲಿಂದ ಮೇಲೆ ಎಂಬುದೇ ಇಲ್ಲಿ ಜೀವಾಳ. ದಿನಕ್ಕೊಂದು ಸಲ ಹಚ್ಚಿದರೆ ನರ ನಡುವೆ ಚೇತರಿಸಿಕೊಂಡುಬಿಡುತ್ತದೆ, ಆಗ ಪ್ರತಿ ಸಲವೂ ಹೊಸ ಉರಿ, ಗುಣ ಸೊನ್ನೆ.

ಆದದ್ದೂ ಅದೇ. ನಾಲ್ಕನೇ ದಿನಕ್ಕೆ ಬಿಟ್ಟುಬಿಟ್ಟರು. ವಿಚಾರಿಸಿದಾಗ ಮೂರು ತಪ್ಪು ಹೊರಬಂದವು, ಮೂರೂ ಚೀಟಿ ಬರೆದವರದ್ದೇ. ಒಂದು, ಬೆನ್ನಿಗೆ ಹಚ್ಚುವವರು ಯಾರು ಎಂದು ಯಾರೂ ಕೇಳಿರಲಿಲ್ಲ. ಮಗಳು ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ, ರಾತ್ರಿ ಊಟವಾದ ಮೇಲೆ ಹಚ್ಚುತ್ತಿದ್ದಳು. ನಡುವಿನ ಹನ್ನೆರಡು ಗಂಟೆ ಫ್ಯಾಕ್ಟರಿ, ಬಸ್ಸು. ಎರಡು, ಬೆಳಿಗ್ಗೆಯದ್ದು ಬಿಸಿನೀರ ಸ್ನಾನವಾದ ತಕ್ಷಣ. ಬಿಸಿಯಾದ ಚರ್ಮದಲ್ಲಿ ಗ್ರಾಹಿ ಅದಾಗಲೇ ಎಚ್ಚೆತ್ತಿರುತ್ತದೆ, ಉರಿ ದುಪ್ಪಟ್ಟಾಗುತ್ತದೆ. ಮೂರು, ಉರಿ ತಾಳದೆ ನೀರು ಸುರಿದುಕೊಂಡದ್ದು. ಖಾರ ನೀರಿನಲ್ಲಿ ಕರಗುವುದಿಲ್ಲ, ಹರಡುತ್ತದಷ್ಟೇ. ಎಣ್ಣೆಯಲ್ಲಿ ಕರಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ತೊಳೆದಿದ್ದರೆ ಸಾಕಿತ್ತು. ಮಗಳ ಕೈಬೆರಳಿನಿಂದ ಕಣ್ಣಿಗೂ ಒಮ್ಮೆ ತಾಗಿತ್ತು. ಪಾಪ, ಆ ಹುಡುಗಿಗೆ ಕೈಗವಸು ಹಾಕಿಕೋ ಎಂದು ಯಾರೂ ಹೇಳಿರಲಿಲ್ಲ.

ಎರಡನೇ ಯೋಜನೆ

ಮೊದಲು ನಿದ್ದೆ ಸರಿಮಾಡಬೇಕಿತ್ತು. ಗಾಬಾಪೆಂಟಿನ್ 100 ಮಿಲಿಗ್ರಾಂ, ರಾತ್ರಿ ಒಂದೇ ಹೊತ್ತು. ಶುರು ಮಾಡಿದ್ದು ಶನಿವಾರ ರಾತ್ರಿ, ಏಕೆಂದರೆ ಮೊದಲ ಬೆಳಗಿನ ಮಂಪರನ್ನು ಭಾನುವಾರ ಮನೆಯಲ್ಲೇ ಕಳೆಯಬಹುದು. ನಿಮಿಷಕ್ಕೆ ಸಾವಿರಾರು ಸಲ ಕುತ್ತುವ ಹೊಲಿಗೆ ಮಿಷನ್ನಿನ ಮುಂದೆ ತೂಕಡಿಸಿದರೆ ಸೂಜಿ ಬೆರಳು ದಾಟುತ್ತದೆ. ಒಂದು ವಾರದ ನಂತರ, ಮತ್ತೆ ಶನಿವಾರವೇ, 300 ಮಿಲಿಗ್ರಾಂ. ರಾತ್ರಿ 10ಕ್ಕೆ ತೆಗೆದುಕೊಂಡಾಗ ಬೆಳಿಗ್ಗೆ ತಲೆ ಭಾರ ಎಂದರು, 8 ಗಂಟೆಗೆ ತಂದ ಮೇಲೆ ಸರಿಹೋಯಿತು. ಗ್ಯಾಸ್ಟ್ರಿಕ್ ಎಂದು ಅವರು ಕುಡಿಯುತ್ತಿದ್ದ ಆಂಟಾಸಿಡ್ ಈ ಔಷಧಿ ರಕ್ತ ಸೇರುವುದನ್ನು ತಗ್ಗಿಸುತ್ತದೆ, ನಡುವೆ 2 ಗಂಟೆ ಅಂತರ ಇಡಿಸಲಾಯಿತು. ಕಾಲು ಊದಿದರೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ ಎಂದು ಹೇಳಿ ಕಳಿಸಲಾಯಿತು.

ಕ್ಯಾಪ್ಸೈಸಿನ್ ಎರಡನೇ ಸಲ ಶುರುವಾದದ್ದು ದಸರಾ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು. ಒಂದು ವಾರ ಮನೆಯಲ್ಲಿದ್ದರೆ ನಾಲ್ಕು ಹೊತ್ತೂ ತಪ್ಪುವುದಿಲ್ಲ, ಅತಿ ಕೆಟ್ಟ ಉರಿಯೂ ಅದೇ ವಾರದಲ್ಲಿ ಮುಗಿಯುತ್ತದೆ. ಮೊದಲ ಮೂರು ದಿನ ಹಚ್ಚುವ ಅರ್ಧ ಗಂಟೆ ಮುಂಚೆ ಚರ್ಮ ಮರಗಟ್ಟಿಸುವ 5% ಲಿಡೋಕೇನ್ ಮುಲಾಮು ತೆಳುವಾಗಿ ಹಚ್ಚಿ, ಒರೆಸಿ ತೆಗೆದು, ಆಮೇಲೆ ಕ್ಯಾಪ್ಸೈಸಿನ್. ಟ್ಯೂಬಿನಿಂದ ಅರ್ಧ ಬೆರಳತುದಿಯಷ್ಟು, ಅಂದರೆ ಸುಮಾರು ಕಾಲು ಗ್ರಾಂ. ಮಚ್ಚೆಯ ಸುತ್ತ 2 ಸೆಂ.ಮೀ. ಸೇರಿಸಿ ಅಷ್ಟೇ ಸಾಕು. ದಿನಕ್ಕೆ 1 ಗ್ರಾಂ, 20 ಗ್ರಾಂ ಟ್ಯೂಬು ಮೂರು ವಾರದ ಸಮೀಪಕ್ಕೆ ಬರುತ್ತದೆ. ಒಡೆದ ಚರ್ಮಕ್ಕೆ ಹಚ್ಚಬಾರದು. ಸ್ನಾನ ಉಗುರುಬೆಚ್ಚಗೆ, ಹಚ್ಚುವುದಕ್ಕೂ ಅದಕ್ಕೂ ಒಂದು ಗಂಟೆ ಅಂತರ.

ಒಬ್ಬರೇ ಇರುವಾಗ ಹಚ್ಚಿಕೊಳ್ಳಲು ಅವರೇ ಉಪಾಯ ಮಾಡಿದರು: ಉದ್ದನೆ ಮರದ ಸೌಟಿನ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದು, ಆದಮೇಲೆ ಹಾಳೆ ಬಿಸಾಡುವುದು. ಆ ಸೌಟು ಅಡುಗೆಗೆ ಮರಳಬಾರದು. ನಾವು ಈಗ ಇದನ್ನೇ ಉಳಿದವರಿಗೂ ಹೇಳುತ್ತೇವೆ. ಜೊತೆಗೆ, ಮನೆಯ ಖಾರದಪುಡಿ ಅರೆದು ಹಚ್ಚಬೇಡಿ ಎಂಬುದನ್ನೂ. ಬ್ಯಾಡಗಿಯ ಖಾರ ಬೇರೆ, ಗುಂಟೂರಿನದು ಬೇರೆ. ಎಷ್ಟು ಹೋಯಿತು ಎಂಬ ಲೆಕ್ಕವಿಲ್ಲದೆ ಚರ್ಮ ಸುಟ್ಟುಕೊಂಡು ಬರುತ್ತಾರೆ.

ಫ್ಯಾಕ್ಟರಿಗೆ ಮರಳಿದ ಮೇಲೆ ಮೂರು ಹೊತ್ತು, ಮಧ್ಯಾಹ್ನದ್ದನ್ನು ಊಟದ ವಿರಾಮದಲ್ಲಿ ಜೊತೆಯ ಗೆಳತಿ ಹಚ್ಚುತ್ತಿದ್ದರು. ಇನ್ನೂ ಎರಡು ಚಿಕ್ಕ ಬದಲಾವಣೆ: ಸ್ಟೂಲಿನ ಎತ್ತರ ಹೆಚ್ಚಿಸಿ ಕತ್ತು ಬಾಗುವುದನ್ನು ತಗ್ಗಿಸಿದ್ದು, ಗಂಟೆಗೊಮ್ಮೆ ಎರಡೂ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಸೇರಿಸಿ 5 ಸೆಕೆಂಡು ಹಿಡಿದು ಬಿಡುವುದು, ಹತ್ತು ಸಲ. ವ್ಯಾಯಾಮಕ್ಕೆ ಇರುವ ಪುರಾವೆ ಚಿಕ್ಕದು. ಆದರೆ ಖರ್ಚಿಲ್ಲ, ಕೇಡಿಲ್ಲ.

ನಾಲ್ಕನೇ ವಾರಕ್ಕೆ ಅಂಕ 8ರಿಂದ 5, ಹತ್ತನೇ ವಾರಕ್ಕೆ 2. ರಾತ್ರಿ ಏಳುವುದು ನಿಂತಿತು. ಮಚ್ಚೆ ಮಾತ್ರ ಅಷ್ಟೇ ಇತ್ತು, ಅದಕ್ಕೆ ಅವರು ಬೇಸರಪಟ್ಟರು. ಉಜ್ಜುವುದು ನಿಂತರೂ ಬಣ್ಣ ತಿಳಿಯಾಗಲು ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು, ಪೂರ್ತಿ ಹೋಗದೆಯೂ ಇರಬಹುದು. ಬಿಳಿಚಿಸುವ ಕ್ರೀಮು ಬೇಡವೆಂದು ಎರಡೆರಡು ಸಲ ಹೇಳಬೇಕಾಯಿತು, ಅವುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ.

ಹೊಸ ಔಷಧಿ ಬಂದಿದೆಯಂತಲ್ಲ ಎಂದು ಮಗಳು ಕೇಳಿದ್ದು ಡೈಫೆಲಿಕೆಫಾಲಿನ್ ಬಗ್ಗೆ. ನರಗಳ ಕಪ್ಪಾ ಓಪಿಯಾಯ್ಡ್ ಗ್ರಾಹಿಯ ಮೇಲೆ ಕೆಲಸ ಮಾಡುವ ಇದರ ಚುಚ್ಚುಮದ್ದಿಗೆ, ಡಯಾಲಿಸಿಸ್ ರೋಗಿಗಳ ತುರಿಕೆಗಾಗಿ, 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಾತ್ರೆಯ ರೂಪವನ್ನು ನೊಟಾಲ್ಜಿಯಾದ 126 ಮಂದಿಯಲ್ಲಿ 8 ವಾರ ಪರೀಕ್ಷಿಸಿದ ವರದಿ 2023ರಲ್ಲಿ ಬಂತು: ತುರಿಕೆಯ ಅಂಕ ಮಾತ್ರೆಯಲ್ಲಿ ಸರಾಸರಿ 4, ಹುಸಿಮಾತ್ರೆಯಲ್ಲಿ 2.4 ಇಳಿದಿತ್ತು. ಮುಂದಿನ ಹಂತದಲ್ಲಿ ಆ ಗುಣ ನಿಲ್ಲದೆ 2024ರಲ್ಲಿ ಪ್ರಯತ್ನವನ್ನು ಕೈಬಿಟ್ಟರು. ಹುಸಿಮಾತ್ರೆಯಲ್ಲೇ ಅಷ್ಟು ಇಳಿಯುತ್ತದೆ ಎಂಬುದನ್ನು ನಮ್ಮ ಈ ಪ್ರಕರಣದ 8ರಿಂದ 2ಕ್ಕೂ ಅನ್ವಯಿಸಿ ನೋಡಬೇಕು. ಅದರಲ್ಲಿ ಎಷ್ಟು ಖಾರದ್ದು, ಎಷ್ಟು ಗಾಬಾಪೆಂಟಿನ್‌ದು, ಎಷ್ಟು ಬಾಚಣಿಗೆ ಬಿಟ್ಟದ್ದರದು ಎಂದು ಒಬ್ಬ ರೋಗಿಯಿಂದ ಬಿಡಿಸಿ ಹೇಳಲಾಗದು.

ನಾಲ್ಕನೇ ತಿಂಗಳಲ್ಲಿ ಗಾಬಾಪೆಂಟಿನ್ ಅನ್ನು ವಾರಕ್ಕೆ 100 ಮಿಲಿಗ್ರಾಂನಂತೆ ಇಳಿಸಿ ನಿಲ್ಲಿಸಲಾಯಿತು. ಕ್ಯಾಪ್ಸೈಸಿನ್ನೂ ನಿಂತಿತು. ಏಳು ವಾರ ನೆಮ್ಮದಿ. ನಂತರ ಫ್ಯಾಕ್ಟರಿಯಲ್ಲಿ ತುರ್ತು ಆರ್ಡರಿಗೆ ಹದಿನೈದು ದಿನ ಓಟಿ ಮಾಡಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಎದ್ದಿತು, ಅಂಕ 6. ಕ್ಯಾಪ್ಸೈಸಿನ್ ನಿಲ್ಲಿಸಿದ ಮೇಲೆ ಮರಳುವುದು ಸಾಮಾನ್ಯ, ಮಂಕಾದ ನರತುದಿಗಳು ಮತ್ತೆ ಚಿಗುರುತ್ತವೆ. ಇದನ್ನು ಮೊದಲೇ ತಿಳಿಸಿದ್ದರಿಂದ ಗಾಬರಿಯಾಗಲಿಲ್ಲ, ಅಂಗಡಿಯ ಕ್ರೀಮಿಗೂ ಹೋಗಲಿಲ್ಲ. ಫೋನಿನಲ್ಲೇ ಕೇಳಿಕೊಂಡು ವಾರದ ರಜೆ ಹಾಕಿ, ಮೊದಲಿನಂತೆ ನಾಲ್ಕು ಹೊತ್ತಿನಿಂದ ಶುರುಮಾಡಿದರು. ಈ ಸಲ ಗಾಬಾಪೆಂಟಿನ್ ಬೇಕಾಗಲಿಲ್ಲ. ಮೂರನೇ ವಾರಕ್ಕೆ ಅಂಕ 3, ಸೌಟು ಈಗ ಬಾತ್‌ರೂಮಿನ ಮೊಳೆಗೆ ತೂಗುಹಾಕಿದೆ.